ಬಾದಾಮಿಯಿಂದ ಜನಕಪುರಕ್ಕೆ: ಗೆಳೆಯರ ಗುಂಪಿನ ಕಡಿಮೆ ಖರ್ಚಿನ ವಿದೇಶ ರೈಲು ಪ್ರವಾಸ

ಭಾರತದಿಂದ ಪ್ರಯಾಣಿಕರ ರೈಲು ಗಡಿ ದಾಟುವ ದಾರಿ ಸದ್ಯಕ್ಕೆ ಒಂದೇ ಉಳಿದಿದೆ. ಪಾಕಿಸ್ತಾನದತ್ತ ಹೋಗುತ್ತಿದ್ದ ಸಂಝೌತಾ ಎಕ್ಸ್‌ಪ್ರೆಸ್ 2019ರ ಆಗಸ್ಟ್‌ನಲ್ಲಿ ನಿಂತಿತು. ಕೋಲ್ಕತ್ತ ಮತ್ತು ಢಾಕಾ ನಡುವಿನ ಮೈತ್ರಿ ಎಕ್ಸ್‌ಪ್ರೆಸ್ 2024ರ ಜುಲೈಯಲ್ಲಿ ನಿಂತದ್ದು ಮತ್ತೆ ಹೊರಟಿಲ್ಲ. ಉಳಿದದ್ದು ಬಿಹಾರದ ಜಯನಗರದಿಂದ ನೇಪಾಳದ ಜನಕಪುರಕ್ಕೆ ಹೋಗುವ ರೈಲು. ಬಾಗಲಕೋಟೆ ಜಿಲ್ಲೆಯ ಕಾಲೇಜು ಹುಡುಗ ಹುಡುಗಿಯರಿಗೆ, ಈಗಷ್ಟೇ ಸಂಬಳ ಕಾಣತೊಡಗಿದ ಗೆಳೆಯರಿಗೆ ಮೊದಲ ವಿದೇಶ ಪ್ರವಾಸಕ್ಕೆ ಇದಕ್ಕಿಂತ ಅಗ್ಗದ ದಾರಿ ಇನ್ನೊಂದಿಲ್ಲ. ವೀಸಾ ಬೇಡ, ವಿಮಾನ ಬೇಡ. ಬಾದಾಮಿ ಇಲ್ಲವೆ ಬಾಗಲಕೋಟೆ ನಿಲ್ದಾಣದಲ್ಲಿ ಹತ್ತಿದವರು ಹಳಿಯ ಮೇಲೆಯೇ ಗಡಿ ದಾಟಬಹುದು.

ಈ ಊರುಗಳನ್ನು ಹಾಯುವ ಗದಗ–ಹೊಟಗಿ ಮಾರ್ಗ ಹಳೆಯದು. 1876–78ರ ಭೀಕರ ಬರ ಅಂದಿನ ಕಲಾದಗಿ ಜಿಲ್ಲೆಯನ್ನು ಹಿಂಡಿ ಹಾಕಿದ ಮೇಲೆ, ಕಾಳು ಸಾಗಿಸಲು ದಾರಿ ಇರಲೇಬೇಕೆಂಬ ಅರಿವಿನಿಂದ ಸದರ್ನ್ ಮರಾಠಾ ರೈಲ್ವೆ ಇಲ್ಲಿ ಮೀಟರ್ ಗೇಜ್ ಹಳಿ ಹಾಕಿತು. 1884ರಲ್ಲಿ ಅದು ಸಂಚಾರಕ್ಕೆ ತೆರೆಯಿತು. ಅದು ಪೂರ್ತಿಯಾಗಿ ಬ್ರಾಡ್‌ಗೇಜ್ ಆಗಲು 2008ರ ತನಕ ಕಾಯಬೇಕಾಯಿತು. ಅದಕ್ಕೂ ಮೊದಲು ಈ ಭಾಗದವರು ದೂರದ ಊರಿಗೆ ಹೋಗಬೇಕಾದರೆ ಸೊಲ್ಲಾಪುರದಲ್ಲೋ ಹುಬ್ಬಳ್ಳಿಯಲ್ಲೋ ಇಳಿದು ಗಂಟುಮೂಟೆ ಹೊತ್ತು ಬೇರೆ ಗಾಡಿ ಹಿಡಿಯಬೇಕಿತ್ತು. ಈಗ ಗೋಲಗುಂಬಜ್ ಎಕ್ಸ್‌ಪ್ರೆಸ್ ಬೆಂಗಳೂರು, ಮೈಸೂರುಗಳತ್ತ ಒಯ್ಯುತ್ತದೆ. ಗದಗಿನ ಮೇಲೆ ಬರುವ ಹೊಸಪೇಟೆ–ಮುಂಬೈ ಎಕ್ಸ್‌ಪ್ರೆಸ್ ಬಾದಾಮಿ, ಬಾಗಲಕೋಟೆ, ವಿಜಯಪುರ, ಸೊಲ್ಲಾಪುರಗಳನ್ನು ಹಾದು ಮುಂಬೈ ಸೇರಿಸುತ್ತದೆ.

ಹುನಗುಂದ ಮತ್ತು ಇಳಕಲ್ಲಿಗೆ ಮಾತ್ರ ರೈಲು ನಿಲ್ದಾಣವಿಲ್ಲ. ಸೀರೆಯಿಂದ ಜಗತ್ತಿಗೆಲ್ಲ ಹೆಸರಾದ ಇಳಕಲ್ಲಿನ ಜನ ಇಂದಿಗೂ ಬಸ್ಸು ಹಿಡಿದು ಬಾಗಲಕೋಟೆಗೋ ಬಾದಾಮಿಗೋ ಹೋಗಿಯೇ ರೈಲು ಕಾಣಬೇಕು. 2025ರ ಮೇ ತಿಂಗಳಲ್ಲಿ ಗದಗ–ವಾಡಿ ಹೊಸ ಮಾರ್ಗದ ತಳಕಲ್–ಕುಷ್ಟಗಿ ಭಾಗ ತೆರೆದದ್ದರಿಂದ ಸುಮಾರು 25 ಕಿ.ಮೀ. ದೂರದ ಕುಷ್ಟಗಿಯಲ್ಲಿ ಹುಬ್ಬಳ್ಳಿಗೆ ಹೋಗುವ ಗಾಡಿ ಸಿಗುತ್ತಿದೆ. ಆದರೆ ಈ ಪ್ರವಾಸದ ದಾರಿ ಮುಂಬೈ ಕಡೆಯಿಂದಲೇ ಹೋಗುವುದರಿಂದ ಬಾಗಲಕೋಟೆಯೇ ಅನುಕೂಲ. ಬಾದಾಮಿಯ ನಿಲ್ದಾಣವೂ ಊರಿನಿಂದ ಸುಮಾರು 5 ಕಿ.ಮೀ. ಆಚೆ ಇದೆ. ಬಸ್ಸು ತಡವಾಗಿ ರೈಲು ತಪ್ಪಿದರೆ ಮುಂದಿನ ಕೊಂಡಿಗಳೆಲ್ಲ ಕಳಚಿಕೊಳ್ಳುವುದರಿಂದ ಈ ಮೊದಲ ಕೆಲವು ಮೈಲುಗಳಿಗೆ ಧಾರಾಳವಾಗಿ ಸಮಯ ಇಟ್ಟುಕೊಳ್ಳಬೇಕು.

ಪ್ರವಾಸ ಅಗ್ಗವಾಗುವುದು ದಾರಿಯಲ್ಲಿ ಉಪವಾಸವಿದ್ದು ಉಳಿಸಿದ ದುಡ್ಡಿನಿಂದಲ್ಲ. ಹೊರಡುವ ಎರಡು ಮೂರು ತಿಂಗಳ ಮೊದಲೇ ಎಷ್ಟು ಜನ, ಯಾವ ತಿಂಗಳು, ಯಾವ ಕಾಗದ ಎಂಬ ಮೂರು ವಿಷಯ ತೀರ್ಮಾನವಾದರೆ ಖರ್ಚಿನ ಬಹುಪಾಲು ಅಲ್ಲಿಯೇ ನಿರ್ಧಾರವಾಗಿರುತ್ತದೆ.

ಜನರ ಲೆಕ್ಕಕ್ಕೆ ರೈಲ್ವೆಯ ನಿಯಮವೇ ಒಂದು ಅಳತೆ ಕೊಡುತ್ತದೆ. ಒಂದು ಟಿಕೆಟ್ಟಿನಲ್ಲಿ ಗರಿಷ್ಠ ಆರು ಮಂದಿಗೆ ಕಾಯ್ದಿರಿಸಬಹುದು. ತತ್ಕಾಲ್‌ನಲ್ಲಿ ನಾಲ್ವರಿಗೆ ಮಾತ್ರ. ಏಳನೆಯವರು ಸೇರಿದ ಕೂಡಲೇ ಟಿಕೆಟ್ ಎರಡಾಗುತ್ತದೆ. ಒಂದು ಖಾತ್ರಿಯಾಗಿ ಇನ್ನೊಂದು ಕಾಯುವ ಪಟ್ಟಿಯಲ್ಲಿ ಉಳಿಯುವ ಅಪಾಯವಿರುತ್ತದೆ. ನಾಲ್ವರು ಅಥವಾ ಆರು ಮಂದಿಯ ಗುಂಪಿಗೆ ವಸತಿಯ ಕೋಣೆ, ಬಾಡಿಗೆ ಗಾಡಿಗಳೂ ಸರಿಯಾಗಿ ಹಂಚಿಕೆಯಾಗುತ್ತವೆ. ಹತ್ತು ಹನ್ನೆರಡು ಮಂದಿಯ ಗುಂಪು ಕೇಳಲು ಚೆಂದ. ಆದರೆ ಊಟಕ್ಕೆ ಎಲ್ಲಿ ಕೂರುವುದು ಎಂಬುದನ್ನು ತೀರ್ಮಾನಿಸುವುದಕ್ಕೇ ಅಂಥ ಗುಂಪಿಗೆ ಅರ್ಧ ತಾಸು ಬೇಕು.

ದುಡ್ಡಿನ ಮಾತನ್ನು ಗೆಳೆತನದ ಸಂಕೋಚದಿಂದ ಮುಂದೂಡುವುದು ಗುಂಪು ಒಡೆಯುವುದಕ್ಕೆ ಸುಲಭ ಕಾರಣ. ಆರು ಮಂದಿಯಲ್ಲಿ ಎಲ್ಲರ ಜೇಬೂ ಒಂದೇ ತೂಕದ್ದಲ್ಲ. ಎಲ್ಲರಿಗಿಂತ ಕಡಿಮೆ ದುಡ್ಡು ಇರುವವರಿಗೆ ಯಾವುದು ಸಾಧ್ಯವೋ ಅದೇ ಗುಂಪಿನ ಮಿತಿ ಎಂದು ಮೊದಲೇ ಒಪ್ಪಿಕೊಂಡರೆ ಯಾರೂ ಯಾರ ಮುಂದೂ ತಲೆ ತಗ್ಗಿಸಬೇಕಾಗುವುದಿಲ್ಲ. ತಿಂಗಳಿಗಿಷ್ಟು ಎಂದು ಒಂದು ಖಾತೆಗೆ ಹಾಕುತ್ತ ಬರುವುದು, ಒಬ್ಬರು ಲೆಕ್ಕ ಬರೆಯುವುದು, ಇನ್ನೊಬ್ಬರು ರಾತ್ರಿ ಅದನ್ನು ನೋಡುವುದು ಹಳ್ಳಿಯ ಸ್ವಸಹಾಯ ಸಂಘಗಳು ದಿನವೂ ಮಾಡುವ ಕೆಲಸ. ಇಲ್ಲಿಯೂ ಅದೇ ಸಾಕು. ಒಟ್ಟು ಮೊತ್ತದಲ್ಲಿ ಐದರಲ್ಲೊಂದು ಪಾಲನ್ನು ಮುಟ್ಟದೆ ಬದಿಗಿಡಬೇಕು. 2025ರ ಸೆಪ್ಟೆಂಬರ್‌ನಲ್ಲಿ ಕಠ್ಮಂಡುವಿನಲ್ಲಿ ಯುವಜನರ ಪ್ರತಿಭಟನೆ ಭುಗಿಲೆದ್ದು ವಿಮಾನ ನಿಲ್ದಾಣವೇ ಮುಚ್ಚಿತ್ತು. ಅಂಥ ಹೊತ್ತಿನಲ್ಲಿ ಎರಡು ದಿನ ಹೆಚ್ಚಿಗೆ ಉಳಿಯಬೇಕಾಗಿ ಬಂದರೆ ಆಸರೆಯಾಗುವುದು ಆ ಪಾಲು.

ತಿಂಗಳನ್ನು ಆರಿಸುವಾಗ ಊರಿನ ಕ್ಯಾಲೆಂಡರಿಗಿಂತ ಬಿಹಾರದ ಕ್ಯಾಲೆಂಡರ್ ಮುಖ್ಯ. ದೀಪಾವಳಿ, ಛಠ್ ಮತ್ತು ಹೋಳಿಯ ಹೊತ್ತಿಗೆ ಮುಂಬೈಯಿಂದ ಬಿಹಾರದ ಕಡೆ ಹೋಗುವ ರೈಲುಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಮಹಾನಗರದಲ್ಲಿ ದುಡಿಯುವ ಲಕ್ಷಾಂತರ ಮಂದಿ ಮನೆಗೆ ಮರಳುವ ಕಾಲವದು. ದಸರೆಯ ಸುಮಾರಿಗೆ ನೇಪಾಳದಲ್ಲಿ ದಶೈಂ ಹಬ್ಬ. ಅಂಗಡಿ ಮುಚ್ಚಿರುತ್ತವೆ, ಬಸ್ಸು ತುಂಬಿರುತ್ತವೆ. ಡಿಸೆಂಬರ್, ಜನವರಿಯಲ್ಲಿ ಗಂಗಾ ಬಯಲಿನ ಮಂಜು ರೈಲುಗಳನ್ನು ತಾಸುಗಟ್ಟಲೆ ತಡೆಯುತ್ತದೆ. ಮಳೆಗಾಲದಲ್ಲಿ ನೇಪಾಳದ ಗುಡ್ಡದ ರಸ್ತೆಗಳು ಕುಸಿಯುತ್ತವೆ. ಉಳಿಯುವುದು ಛಠ್ ಮುಗಿದ ನಂತರದ ನವೆಂಬರ್ ಮತ್ತು ಬಾದಾಮಿ ಬಳಿಯ ಬನಶಂಕರಿ ಜಾತ್ರೆ ಮುಗಿದ ಮೇಲಿನ ಫೆಬ್ರವರಿ; ಹೋಳಿ ಕಳೆದ ಮೇಲೆ ಮಾರ್ಚ್ ಕೂಡ ಆಗಬಹುದು. 2024ರ ನವೆಂಬರ್ 1ರಿಂದ ರೈಲು ಮುಂಗಡ ಕಾಯ್ದಿರಿಸುವ ಅವಧಿ 120 ದಿನದಿಂದ 60 ದಿನಕ್ಕೆ ಇಳಿದಿದೆ. ಹೋಗುವ ಟಿಕೆಟ್ ಮತ್ತು ಬರುವ ಟಿಕೆಟ್ ಬೇರೆ ಬೇರೆ ದಿನ ತೆರೆದುಕೊಳ್ಳುವುದರಿಂದ ಎರಡೂ ದಿನಗಳನ್ನು ಬರೆದಿಟ್ಟುಕೊಳ್ಳಬೇಕು.

ಮೂರನೆಯದು ಕಾಗದ. ನೇಪಾಳಕ್ಕೆ ಹೋಗುವ ಭಾರತೀಯರಿಗೆ ವೀಸಾ ಬೇಕಿಲ್ಲ. ಪಾಸ್‌ಪೋರ್ಟ್ ಅಥವಾ ಚುನಾವಣಾ ಆಯೋಗದ ಮತದಾರರ ಚೀಟಿ ಇದ್ದರೆ ಸಾಕು. ಇಲ್ಲಿ ಎಡವುವವರು ಬಹಳ. ಎಲ್ಲೆಡೆ ನಡೆಯುವ ಆಧಾರ್ ಕಾರ್ಡ್ ಸಾಮಾನ್ಯ ವಯಸ್ಕರಿಗೆ ಈ ಗಡಿಯಲ್ಲಿ ಸಾಲದು. 15 ವರ್ಷದೊಳಗಿನವರು ಮತ್ತು 65 ದಾಟಿದವರಿಗೆ ಇತರ ಗುರುತಿನ ದಾಖಲೆಗಳ ವಿನಾಯಿತಿ ಇದೆ. ಹದಿನೆಂಟು ತುಂಬಿಯೂ ಮತದಾರರ ಪಟ್ಟಿಗೆ ಹೆಸರು ಸೇರಿಸದ ವಿದ್ಯಾರ್ಥಿಗಳು ಮೊದಲು ಆ ಕೆಲಸ ಮುಗಿಸಬೇಕು. ಮುಂದೆ ಬೇರೆ ದೇಶಗಳಿಗೂ ಹೋಗುವ ಆಸೆಯಿದ್ದರೆ ಪಾಸ್‌ಪೋರ್ಟ್ ಮಾಡಿಸುವುದೇ ಒಳ್ಳೆಯದು. ವಯಸ್ಕರಿಗೆ 36 ಪುಟದ ಸಾಮಾನ್ಯ ಪಾಸ್‌ಪೋರ್ಟ್‌ಗೆ 1500 ರೂಪಾಯಿ, ತತ್ಕಾಲ್ ಆದರೆ ಅದರ ಮೇಲೆ 2000. ಹುಬ್ಬಳ್ಳಿಯಲ್ಲಿ ಪಾಸ್‌ಪೋರ್ಟ್ ಸೇವಾ ಕೇಂದ್ರವಿದೆ. ಹತ್ತು ವರ್ಷ ಬಾಳುವ ಈ ಪುಸ್ತಕವನ್ನು ಅವಸರವಿಲ್ಲದ ದಿನಗಳಲ್ಲಿ ಮಾಡಿಸಿಟ್ಟುಕೊಂಡರೆ ತತ್ಕಾಲ್‌ನ ದುಡ್ಡು ಉಳಿಯುತ್ತದೆ.

ದಾರಿ ಹೀಗೆ ಸಾಗುತ್ತದೆ. ಮುಂಬೈ ಎಕ್ಸ್‌ಪ್ರೆಸ್ಸಿನಲ್ಲಿ ಹೊರಟವರು ಮುಂಬೈ ನಗರದೊಳಕ್ಕೆ ಹೋಗಬೇಕಾಗಿಯೇ ಇಲ್ಲ. ಕಲ್ಯಾಣ್ ಜಂಕ್ಷನ್ನಿನಲ್ಲಿ ಇಳಿದು, ಲೋಕಮಾನ್ಯ ತಿಲಕ್ ಟರ್ಮಿನಸ್‌ನಿಂದ ಜಯನಗರಕ್ಕೆ ಹೋಗುವ ಪವನ್ ಎಕ್ಸ್‌ಪ್ರೆಸ್ ಹಿಡಿಯಬಹುದು. ಎರಡೂ ಗಾಡಿಗಳ ನಡುವೆ ಅರ್ಧ ದಿನದ ಅಂತರ ಇರುವಂತೆ ನೋಡಿಕೊಳ್ಳುವುದು ಜಾಣತನ. ಭುಸಾವಳ, ಇಟಾರ್ಸಿ, ಪ್ರಯಾಗರಾಜ್, ವಾರಾಣಸಿ, ಮುಜಫರ್‌ಪುರ, ದರ್ಭಂಗಾ ಎಂದು ಈ ಗಾಡಿ ಒಂದೂವರೆ ದಿನಕ್ಕೂ ಹೆಚ್ಚು ಹೊತ್ತು ಓಡುತ್ತದೆ. ಇಷ್ಟು ಉದ್ದದ ಪಯಣಕ್ಕೆ ಬಾಗಲಕೋಟೆ ಸೀಮೆಯ ಅಡುಗೆಮನೆ ಹೇಳಿ ಮಾಡಿಸಿದಂತಿದೆ. ಖಡಕ್ ಜೋಳದ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ. ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಒಂದು ಡಬ್ಬಿ ಕೆಂಪು ಖಾರ ಇದ್ದರೆ ರೈಲಿನ ಊಟದ ಖರ್ಚು ಅರ್ಧಕ್ಕೆ ಇಳಿಯುತ್ತದೆ. ಹುನಗುಂದ ತಾಲ್ಲೂಕಿನ ಅಮೀನಗಡದ ಕರದಂಟು ಅಂಟು, ಬೆಲ್ಲ, ಒಣಹಣ್ಣುಗಳಿಂದ ಮಾಡಿದ್ದು. ಹಸಿದ ಹೊಟ್ಟೆಗೆ ಒಂದು ತುಂಡು ಸಾಕು. ದರ್ಭಂಗಾದ ಸಹಪ್ರಯಾಣಿಕರಿಗೆ ಕೊಟ್ಟು ಮಾತಿಗೆ ತೊಡಗಲು ಅದಕ್ಕಿಂತ ಒಳ್ಳೆಯ ನೆಪವೂ ಇಲ್ಲ.

ಜಯನಗರದಲ್ಲಿ ಭಾರತದ ನಿಲ್ದಾಣದ ಪಕ್ಕದಲ್ಲೇ ನೇಪಾಳ ರೈಲ್ವೆಯ ನಿಲ್ದಾಣವಿದೆ. 1937ರಲ್ಲಿ ಕಾಡಿನ ಮರ ಸಾಗಿಸಲು ಹಾಕಿದ ಇಲ್ಲಿನ ನ್ಯಾರೋಗೇಜ್ ಮಾರ್ಗ ಸವೆದು ಸೊರಗಿ 2014ರಲ್ಲಿ ನಿಂತುಹೋಗಿತ್ತು. ಭಾರತದ ನೆರವಿನಿಂದ ಅದು ಬ್ರಾಡ್‌ಗೇಜ್ ಆಗಿ, ಜಯನಗರದಿಂದ ಕುರ್ಥಾವರೆಗಿನ ಸುಮಾರು 35 ಕಿ.ಮೀ. ಭಾಗ 2022ರ ಏಪ್ರಿಲ್ 2ರಂದು ಮತ್ತೆ ತೆರೆಯಿತು. 2023ರ ಜುಲೈಯಲ್ಲಿ ಬಿಜಲಪುರದವರೆಗೆ ಬೆಳೆಯಿತು. ಓಡುವ ಡೀಸೆಲ್ ಗಾಡಿಗಳು ಚೆನ್ನೈನ ಕಾರ್ಖಾನೆಯಲ್ಲಿ ತಯಾರಾದವು. ಅವನ್ನು ನೇಪಾಳಕ್ಕೆ ಒದಗಿಸಿದ್ದು ನಮ್ಮ ಕರಾವಳಿಯ ಕೊಂಕಣ ರೈಲ್ವೆ. ಟಿಕೆಟ್ ಕೊಳ್ಳಲು ಗುರುತಿನ ಚೀಟಿ ತೋರಿಸಬೇಕು, ಸುಂಕದವರು ಚೀಲ ನೋಡುತ್ತಾರೆ. ಮೂರನೆಯ ದೇಶದ ಪ್ರಜೆಗಳಿಗೆ ಈ ದಾರಿ ತೆರೆದಿಲ್ಲ. ಭಾರತ ಮತ್ತು ನೇಪಾಳದವರಿಗಷ್ಟೇ. ಒಂದೆರಡು ತಾಸಿನಲ್ಲಿ ಜನಕಪುರ ಬರುತ್ತದೆ. ಗಡಿಯಾರವನ್ನು 15 ನಿಮಿಷ ಮುಂದಕ್ಕೆ ತಿರುಗಿಸಿಕೊಳ್ಳಬೇಕು.

ಜನಕಪುರದ ಜಾನಕಿ ಮಂದಿರವನ್ನು ಕಟ್ಟಿಸಿದ್ದು ಮಧ್ಯಭಾರತದ ಟೀಕಮ್‌ಗಢದ ರಾಣಿ. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಒಂಬತ್ತು ಲಕ್ಷ ರೂಪಾಯಿ ತಗುಲಿತೆಂದು ನೌಲಾಖಾ ಎಂಬ ಹೆಸರೂ ಅದಕ್ಕೆ ಬಂತು. ಮನೆಯ ಗೋಡೆಗಳ ಮೇಲೆ ಹೆಂಗಸರು ಬರೆಯುವ ಮಿಥಿಲಾ ಚಿತ್ರಗಳು ಈ ಸೀಮೆಯ ಸೊತ್ತು. ಇಳಕಲ್ ಸೀರೆಯ ಟೋಪ ತೆನಿ ಸೆರಗನ್ನು ನೇಯುವ ಮನೆಗಳಿಂದ ಬಂದವರಿಗೆ ಆ ಕೈಗಳ ಬೆಲೆ ಹೇಳಿಕೊಡಬೇಕಾಗಿಲ್ಲ.

ಕನ್ನಡದ ಗುಂಪೊಂದು ಜನಕಪುರದ ಈ ಮಿಥಿಲೆ ಸೀಮೆಗೆ ಹೋಗುವುದಕ್ಕೆ ಇನ್ನೊಂದು ಕಾರಣವಿದೆ, ಅದು ಶಾಲೆಯ ಪಾಠಗಳಲ್ಲಿ ಸಿಗುವುದು ಅಪರೂಪ. 1097ರಲ್ಲಿ ನಾನ್ಯದೇವ ಎಂಬವನು ಇಲ್ಲಿ ಅರಸೊತ್ತಿಗೆಯೊಂದನ್ನು ಸ್ಥಾಪಿಸಿದ. ಅವನ ವಂಶದ ಹೆಸರೇ ಕರ್ಣಾಟ. ಕಲ್ಯಾಣ ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ ದಂಡಯಾತ್ರೆಗಳ ಕಾಲದಲ್ಲಿ ಉತ್ತರಕ್ಕೆ ಬಂದ ಕನ್ನಡ ನಾಡಿನ ವೀರರು ಇವರು ಎಂದು ಇತಿಹಾಸಕಾರರು ನಂಬುತ್ತಾರೆ. ನಾನ್ಯದೇವ ಸಂಗೀತಶಾಸ್ತ್ರದ ಮೇಲೆ ಭರತಭಾಷ್ಯ ಎಂಬ ಗ್ರಂಥ ಬರೆದ ವಿದ್ವಾಂಸನೂ ಹೌದು. 1324ರ ಸುಮಾರಿಗೆ ಘಿಯಾಸುದ್ದೀನ್ ತುಘಲಕ್‌ನ ದಾಳಿಗೆ ಸಿಕ್ಕು ಹರಿಸಿಂಹದೇವ ಗುಡ್ಡಗಾಡಿಗೆ ಓಡುವವರೆಗೂ ಈ ಮನೆತನ ಆಳಿತು. ಅದರ ರಾಜಧಾನಿ ಸಿಮ್ರೌನ್‌ಗಢದ ಕೋಟೆಯ ದಿಬ್ಬಗಳು, ಒಡೆದ ವಿಗ್ರಹಗಳು ನೇಪಾಳದ ಬಾರಾ ಜಿಲ್ಲೆಯಲ್ಲಿ, ಗಡಿಯ ಅಂಚಿನಲ್ಲಿ ಇಂದಿಗೂ ಕಾಣಸಿಗುತ್ತವೆ. ಕಠ್ಮಂಡು ಕಣಿವೆಯ ಮಲ್ಲ ಅರಸರು ಈ ಕುಲದೊಡನೆ ನಂಟು ಹೇಳಿಕೊಂಡರು. ಪಶುಪತಿನಾಥದಲ್ಲಿ ಪೂಜೆ ಮಾಡುವ ಭಟ್ಟರೂ ಕರ್ನಾಟಕದಿಂದ ಹೋದವರೇ. ಪಟ್ಟದಕಲ್ಲು, ಐಹೊಳೆಗಳನ್ನು ಮನೆಯಂಗಳದಲ್ಲಿ ಕಂಡು ಬೆಳೆದ ಹುಡುಗರು ಸಿಮ್ರೌನ್‌ಗಢಕ್ಕೆ ಒಂದು ದಿನ ಮೀಸಲಿಡುವುದು ನ್ಯಾಯ. ಪ್ರವಾಸಿಗರು ಅಷ್ಟಾಗಿ ಹೋಗದ ಊರಾದ್ದರಿಂದ ವಸತಿಯನ್ನು ಬೀರ್‌ಗಂಜ್‌ನಲ್ಲಿ ಹುಡುಕಿಕೊಳ್ಳಬೇಕು.

ನೇಪಾಳದಲ್ಲಿ ದುಡ್ಡಿನ ಲೆಕ್ಕ ಸರಳ. 1993ರಿಂದ ಒಂದು ಭಾರತೀಯ ರೂಪಾಯಿಗೆ 1.60 ನೇಪಾಳಿ ರೂಪಾಯಿ ಎಂಬ ದರ ಕದಲಿಲ್ಲ. 1000 ಕೊಟ್ಟರೆ 1600. ಹೋಟೆಲಿನವರು ಹೇಳಿದ ಬೆಲೆ ಭಾರತದ್ದೋ ನೇಪಾಳದ್ದೋ ಎಂದು ಕೇಳಿಯೇ ಒಪ್ಪಿಕೊಳ್ಳಬೇಕು, ಇಲ್ಲದಿದ್ದರೆ ಲೆಕ್ಕದ ಪುಸ್ತಕ ಒಂದೇ ದಿನದಲ್ಲಿ ಏರುಪೇರಾಗುತ್ತದೆ. ದೊಡ್ಡ ಭಾರತೀಯ ನೋಟುಗಳ ಬಗ್ಗೆ ಅಲ್ಲಿನ ನಿಯಮ ಆಗಾಗ ಬದಲಾಗಿದೆ. 100ರ ನೋಟುಗಳನ್ನು ಒಯ್ಯುವುದು ಸುರಕ್ಷಿತ. 2024ರಿಂದ ಅನೇಕ ಅಂಗಡಿಗಳಲ್ಲಿ ಯುಪಿಐ ಮೂಲಕವೂ ಪಾವತಿಸಬಹುದು, ಆದರೆ ಹೊರಡುವ ಮೊದಲೇ ಫೋನಿನಲ್ಲಿ ಅಂತರರಾಷ್ಟ್ರೀಯ ಪಾವತಿಯನ್ನು ಚಾಲೂ ಮಾಡಿಕೊಂಡಿರಬೇಕು.

ಮುಂದೆ ಕಠ್ಮಂಡುವನ್ನೂ ನೋಡಬೇಕೆನ್ನುವವರಿಗೆ ಜನಕಪುರದಿಂದ ಅಲ್ಲಿಗೆ ರೈಲಿಲ್ಲ, ಬಸ್ಸೇ ಗತಿ. ಬರ್ದಿಬಾಸ್‌ನಿಂದ ಗುಡ್ಡ ಏರುವ ಬಿ.ಪಿ. ಹೆದ್ದಾರಿ 2024ರ ಸೆಪ್ಟೆಂಬರ್‌ನ ಪ್ರವಾಹದಲ್ಲಿ ಬಹಳ ಹಾಳಾಗಿದ್ದರಿಂದ ಅಂದಿನ ಸ್ಥಿತಿ ವಿಚಾರಿಸಿಕೊಂಡು ಹಗಲಿನ ಬಸ್ಸನ್ನೇ ಹಿಡಿಯಬೇಕು. ಮರಳುವಾಗ ಬಂದ ದಾರಿಗೇ ಬರಬೇಕಾಗಿಲ್ಲ. ಬೀರ್‌ಗಂಜ್ ಮೂಲಕ ರಕ್ಸೌಲ್‌ಗೆ ಇಳಿದು ಮುಜಫರ್‌ಪುರದಲ್ಲಿ ರೈಲು ಹಿಡಿಯುವುದು ಒಂದು ಬಗೆ. ಲುಂಬಿನಿ ನೋಡಿಕೊಂಡು ಸೋನೌಲಿಯಲ್ಲಿ ಗಡಿ ದಾಟಿ ಗೋರಖಪುರಕ್ಕೆ ಬರುವುದು ಇನ್ನೊಂದು. ಲುಂಬಿನಿಯಲ್ಲಿ ಅಶೋಕ ನೆಡಿಸಿದ ಕಂಬವಿದೆ, ಅಶೋಕನ ಹೆಸರನ್ನೇ ಹೇಳುವ ಶಾಸನ 1915ರಲ್ಲಿ ದೊರೆತ ಮಸ್ಕಿ ಇಳಕಲ್ಲಿನ ಆಚೆ, ರಾಯಚೂರು ಸೀಮೆಯಲ್ಲೇ ಇದೆ. ಗೋರಖಪುರದಿಂದ ಕುಶೀನಗರ ಎಕ್ಸ್‌ಪ್ರೆಸ್ ಕಲ್ಯಾಣ್ ಜಂಕ್ಷನ್ನಿಗೆ ತಂದುಬಿಡುತ್ತದೆ. ಗೋರಖಪುರದ 1366 ಮೀಟರಿನ ಪ್ಲಾಟ್‌ಫಾರಂ ಜಗತ್ತಿನಲ್ಲೇ ಉದ್ದನೆಯದೆಂದು ಹೆಸರಾಗಿತ್ತು. 2023ರ ಮಾರ್ಚ್‌ನಲ್ಲಿ ಹುಬ್ಬಳ್ಳಿಯ 1507 ಮೀಟರಿನ ಪ್ಲಾಟ್‌ಫಾರಂ ಆ ಹೆಸರನ್ನು ಇತ್ತ ತಂದಿತು.

ನೇಪಾಳ ಕಂಡವರ ಎರಡನೆಯ ಪ್ರವಾಸಕ್ಕೆ ಶ್ರೀಲಂಕೆ ಒಪ್ಪುತ್ತದೆ. ಅಲ್ಲಿಗೆ ಪಾಸ್‌ಪೋರ್ಟ್ ಬೇಕೇ ಬೇಕು, ಪ್ರವೇಶದ ಅನುಮತಿಯನ್ನು ಆನ್‌ಲೈನ್‌ನಲ್ಲಿ ಸರ್ಕಾರಿ ತಾಣದಿಂದಲೇ ಪಡೆಯಬೇಕು; ನಕಲಿ ತಾಣಗಳು ದುಪ್ಪಟ್ಟು ಸುಲಿಯುತ್ತವೆ. 1914ರಲ್ಲಿ ಪಾಂಬನ್ ಸೇತುವೆಯಾದ ಮೇಲೆ ಮದರಾಸಿನಿಂದ ಧನುಷ್ಕೋಡಿಗೆ ರೈಲು, ಅಲ್ಲಿಂದ ತಲೈಮನ್ನಾರಿಗೆ ಹಡಗು, ಮತ್ತೆ ಕೊಲಂಬೊಗೆ ರೈಲು ಎಂದು ಒಂದೇ ಟಿಕೆಟ್ಟಿನಲ್ಲಿ ಹೋಗಬಹುದಿತ್ತು. 1964ರ ಡಿಸೆಂಬರ್‌ನ ಚಂಡಮಾರುತ ಧನುಷ್ಕೋಡಿಯನ್ನೇ ಅಳಿಸಿಹಾಕಿತು. ಈಗಿನ ದಾರಿ ನಾಗಪಟ್ಟಣದಿಂದ ಕಾಂಕೇಸಂತುರೈಗೆ. 2023ರ ಅಕ್ಟೋಬರ್‌ನಲ್ಲಿ ಆರಂಭವಾದ ಈ ಹಡಗು ಸುಮಾರು ನಾಲ್ಕು ತಾಸಿನಲ್ಲಿ ಸಮುದ್ರ ದಾಟಿಸುತ್ತದೆ. ಈಶಾನ್ಯ ಮಾರುತದ ಕಾಲದಲ್ಲಿ ಅದು ನಿಲ್ಲುವುದುಂಟು. ಕಾಂಕೇಸಂತುರೈಯಿಂದ ಜಾಫ್ನಾ ಮೇಲೆ ಕೊಲಂಬೊಗೆ ರೈಲಿದೆ. ಯುದ್ಧದಲ್ಲಿ ನಾಶವಾದ ಈ ಹಳಿಯನ್ನು ಮತ್ತೆ ಹಾಕಿದ್ದು ಭಾರತದ ಇರ್ಕಾನ್ ಸಂಸ್ಥೆ. ಕ್ಯಾಂಡಿಯಿಂದ ಚಹಾ ತೋಟಗಳ ನಡುವೆ ಎಲ್ಲಾ ಮತ್ತು ಬದುಲ್ಲಾ ಎಂಬ ಊರುಗಳತ್ತ ಏರುವ ಮಾರ್ಗ ಜಗತ್ತಿನ ಸುಂದರ ರೈಲು ದಾರಿಗಳಲ್ಲೊಂದು. 2025ರ ನವೆಂಬರ್ ಕೊನೆಯ ದಿತ್ವಾ ಚಂಡಮಾರುತ ದ್ವೀಪದ ರೈಲು ಮಾರ್ಗಗಳನ್ನು ಬಹಳ ಕೆಡಿಸಿದ್ದರಿಂದ ಯಾವ ಭಾಗ ಓಡುತ್ತಿದೆ ಎಂದು ತಿಳಿದೇ ವಸತಿ ಕಾಯ್ದಿರಿಸಬೇಕು.

ಬಾದಾಮಿಯವರಿಗೆ ಲಂಕೆ ಸಂಬಂಧವಿಲ್ಲದ ನಾಡಲ್ಲ. 642ರ ಸುಮಾರಿಗೆ ಪಲ್ಲವ ನರಸಿಂಹವರ್ಮ ಚಾಲುಕ್ಯರ ಇಮ್ಮಡಿ ಪುಲಕೇಶಿಯನ್ನು ಸೋಲಿಸಿ ವಾತಾಪಿಯನ್ನು, ಅಂದರೆ ಬಾದಾಮಿಯನ್ನು ಹಿಡಿದ. ಅವನ ಶಾಸನ ಬಾದಾಮಿಯ ಬಂಡೆಯ ಮೇಲೆ ಇನ್ನೂ ಇದೆ. ಸಿಂಹಾಸನ ಕಳೆದುಕೊಂಡ ಲಂಕೆಯ ರಾಜಕುಮಾರ ಮಾನವಮ್ಮ ಆ ಪಲ್ಲವನ ಆಶ್ರಯದಲ್ಲಿದ್ದು ಚಾಲುಕ್ಯರ ವಿರುದ್ಧ ಕಾದಾಡಿದನೆಂದೂ, ಮುಂದೆ ಪಲ್ಲವ ಸೈನ್ಯದ ನೆರವಿನಿಂದ ಲಂಕೆಯ ಗದ್ದುಗೆ ಏರಿದನೆಂದೂ ಸಿಂಹಳದ ಪಾಲಿ ಚರಿತ್ರೆ ಹೇಳುತ್ತದೆ.

ವಿಮಾನದ ಟಿಕೆಟ್ಟಿಗೆ ದುಡ್ಡು ಕೂಡಿಸಿಕೊಂಡವರು ಬ್ಯಾಂಕಾಕಿನಿಂದ ದಕ್ಷಿಣಕ್ಕೆ ಮಲೇಷ್ಯಾ ತನಕ ರೈಲಿನಲ್ಲಿ ಹೋಗಬಹುದು. ಪಡಾಂಗ್ ಬೆಸಾರ್ ನಿಲ್ದಾಣದಲ್ಲಿ ಎರಡೂ ದೇಶಗಳ ಪಾಸ್‌ಪೋರ್ಟ್ ತಪಾಸಣೆ ಒಂದೇ ಕಟ್ಟಡದಲ್ಲಿ ಮುಗಿಯುತ್ತದೆ. ಎರಡೂ ದೇಶಗಳು ಈಚಿನ ವರ್ಷಗಳಲ್ಲಿ ಭಾರತೀಯರಿಗೆ ವೀಸಾ ವಿನಾಯಿತಿ ಕೊಟ್ಟಿವೆ, ಆದರೆ ಅದರ ಅವಧಿ ಮತ್ತು ಷರತ್ತು ಹೊರಡುವ ತಿಂಗಳಲ್ಲಿ ಏನಿದೆ ಎಂದು ನೋಡಿಕೊಳ್ಳಬೇಕು.

ಯುರೋಪಿನ ರೈಲು ಪಾಸ್ ಎಲ್ಲರ ಕನಸು; ಕಡಿಮೆ ಖರ್ಚಿನ ಪಟ್ಟಿಯಲ್ಲಿ ಅದಕ್ಕೆ ಕೊನೆಯ ಜಾಗ. ಯುರೋಪಿನಲ್ಲಿ ವಾಸಿಸುವವರಿಗೆ ಇಂಟರ್‌ರೇಲ್, ಭಾರತದಿಂದ ಹೋಗುವವರಿಗೆ ಯುರೇಲ್ ಎಂಬ ಪಾಸ್. 27 ವರ್ಷದವರೆಗೆ ಯುವಕರ ರಿಯಾಯಿತಿ ಇದೆ, 33 ದೇಶಗಳಲ್ಲಿ ನಡೆಯುತ್ತದೆ. ಷೆಂಗೆನ್ ವೀಸಾ ಶುಲ್ಕ 2024ರ ಜೂನ್‌ನಿಂದ 90 ಯೂರೊ, ನಿರಾಕರಿಸಿದರೆ ಹಿಂದಿರುಗಿ ಬಾರದು. ಕನಿಷ್ಠ 30,000 ಯೂರೊ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಅರ್ಜಿಯನ್ನು ಹೆಚ್ಚು ದಿನ ತಂಗುವ ದೇಶಕ್ಕೆ ಹಾಕಬೇಕು, ಆರು ತಿಂಗಳಿಗಿಂತ ಮೊದಲಾಗಲಿ 15 ದಿನಕ್ಕಿಂತ ತಡವಾಗಲಿ ಸಲ್ಲಿಸುವಂತಿಲ್ಲ. ಪಾಸ್ ಕೊಂಡರೂ ಫ್ರಾನ್ಸ್, ಸ್ಪೇನ್, ಇಟಲಿಗಳ ವೇಗದ ರೈಲುಗಳಲ್ಲಿ ಮತ್ತು ರಾತ್ರಿ ಗಾಡಿಗಳಲ್ಲಿ ಆಸನಕ್ಕೆ ಬೇರೆ ದುಡ್ಡು ಕೊಟ್ಟು ಕಾಯ್ದಿರಿಸಬೇಕು. ಜರ್ಮನಿ, ಆಸ್ಟ್ರಿಯಾ, ಸ್ವಿಟ್ಜರ್ಲೆಂಡಿನ ಪ್ರಾದೇಶಿಕ ರೈಲುಗಳಲ್ಲಿ ಆ ತೊಡಕಿಲ್ಲ. ಒಂದೇ ದೇಶದಲ್ಲಿ ಸುತ್ತುವ ಗುಂಪಿಗೆ ಪಾಸಿಗಿಂತ ಮೊದಲೇ ಕೊಂಡ ಬಿಡಿ ಟಿಕೆಟ್ಟುಗಳು ಅಗ್ಗವಾಗುವುದೇ ಹೆಚ್ಚು. ದಿನಕ್ಕೊಂದು ದೂರದ ನಗರ ಎಂದು ಹಲವು ದೇಶ ದಾಟುವವರಿಗಷ್ಟೇ ಪಾಸ್ ಗಿಟ್ಟುತ್ತದೆ.